ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ?

ಇಬ್ಬರೂ ಉಡುಪಿ ಕಡೆಯವರು. ಒಬ್ಬರು ಕಟ್ಟಡಗಳ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಕೆಲಸದಲ್ಲೇ ದುಬೈಯಲ್ಲಿ ತಲೆ ಹಣ್ಣಾಗಿಸಿಕೊಂಡವರು. ಇನ್ನೊಬ್ಬ ಅವರ ಹೆಂಡತಿಯ ತಮ್ಮ, ಜೆಬೆಲ್ ಅಲಿಯ ಗೋದಾಮೊಂದರಲ್ಲಿ ಲೆಕ್ಕಪತ್ರ ನೋಡುವವನು. ಇಬ್ಬರ ಮನೆಯೂ ಇಂಟರ್‌ನ್ಯಾಷನಲ್ ಸಿಟಿಯಲ್ಲೇ, ಒಬ್ಬರದು ಫ್ರಾನ್ಸ್ ಕ್ಲಸ್ಟರ್, ಇನ್ನೊಬ್ಬನದು ಇಂಗ್ಲೆಂಡ್. ಮಾತು ಹುಟ್ಟಿದ್ದು ಮೊಬೈಲಿನಲ್ಲಿದ್ದ ಒಂದು ಕಾರಿನ ಫೋಟೋದಿಂದ.

— ಭಾವ, ಇದನ್ನೊಮ್ಮೆ ನೋಡಿ. ಅವೀರ್ ಮಾರ್ಕೆಟಿನಲ್ಲಿ ನಿಂತಿದೆ. ಎಲೆಕ್ಟ್ರಿಕ್. ಮೂರು ವರ್ಷ ಹಳತು, ಬ್ಯಾಟರಿಗೆ ಏನೂ ಆಗಿಲ್ಲವಂತೆ.

— ಗಾಡಿ ಚಂದ ಉಂಟು. ರಾತ್ರಿ ಎಲ್ಲಿ ನಿಲ್ಲಿಸ್ತೀ?

— ಈಗಿನದ್ದನ್ನು ಎಲ್ಲಿ ನಿಲ್ಲಿಸ್ತೇನೋ ಅಲ್ಲೇ.

— ಈಗಿನದ್ದನ್ನು ಎಲ್ಲಿ ನಿಲ್ಲಿಸ್ತೀ ಅಂತ ನಿನಗೇ ಗೊತ್ತಿರುವುದಿಲ್ಲ. ಎಂಟು ಗಂಟೆ ದಾಟಿತು ಅಂದರೆ ಬಿಲ್ಡಿಂಗಿಗೆ ಎರಡು ಸುತ್ತು, ಆಮೇಲೆ ಪಕ್ಕದ ಬಿಲ್ಡಿಂಗಿನ ಹಿಂಬದಿ, ಆಮೇಲೆ ಆಚೆಯ ಮರಳಿನ ಜಾಗ. ಅದೂ ತುಂಬಿದ್ದರೆ ಯಾರದೋ ಕಾರಿನ ಹಿಂದೆ ಅಡ್ಡ ಇಟ್ಟು, ಡ್ಯಾಶ್‌ಬೋರ್ಡಿನ ಮೇಲೆ ಮೊಬೈಲ್ ನಂಬರ್ ಬರೆದ ಚೀಟಿ. ಬೆಳಿಗ್ಗೆ ಐದಕ್ಕೆ ಅವನ ಫೋನು. ಇದು ಹಟ್ಟಿ ಕಟ್ಟದೆ ದನ ತರುವ ಕೆಲಸ ಮಾರಾಯ.

— ಡ್ರ್ಯಾಗನ್ ಮಾರ್ಟಿನಲ್ಲಿ ಚಾರ್ಜರ್ ಉಂಟಲ್ಲ? ಮನೆಗೆ ಕರೆಂಟು ಕೊಡುವ ದೀವಾದ ಗ್ರೀನ್ ಚಾರ್ಜರ್ ಊರೆಲ್ಲ ಕಾಣ್ತದೆ.

— ಉಂಟು. ಆ ಯೋಜನೆ ಶುರುವಾದದ್ದೇ 2014ರಲ್ಲಿ. ಮೊದಲು ಕೆಲವು ವರ್ಷ ಪುಕ್ಕಟೆಯಾಗಿಯೂ ಕೊಟ್ಟರು. ಆ ಕಾಲ ಹೋಯಿತು. 2024ರಲ್ಲಿ ಇಲ್ಲಿನ ಮಂತ್ರಿಮಂಡಲ ದೇಶಕ್ಕೆಲ್ಲ ಒಂದು ಕನಿಷ್ಠ ದರ ಗೊತ್ತು ಮಾಡಿತು. ಫಾಸ್ಟ್ ಚಾರ್ಜರಿಗೆ ಯೂನಿಟಿಗೆ 1.20 ದಿರ್ಹಮ್, ಸ್ಲೋ ಚಾರ್ಜರಿಗೆ 70 ಫಿಲ್ಸ್, ಮೇಲೆ ವ್ಯಾಟ್. ನೀನು ಲೆಕ್ಕದ ಮನುಷ್ಯ ಅಲ್ಲವಾ? ಹಾಕು.

— ದಿನಕ್ಕೆ ಜೆಬೆಲ್ ಅಲಿಗೆ ಹೋಗಿ ಬರುವುದು ತೊಂಬತ್ತು ಕಿಲೋಮೀಟರ್ ಹಿಡಿಯಿರಿ. ಎಸಿ ಸೇರಿ ನೂರು ಕಿಲೋಮೀಟರಿಗೆ ಹದಿನೇಳು ಹದಿನೆಂಟು ಯೂನಿಟ್ ಬೇಕು ಅಂತಾರೆ. ಅಂದರೆ ದಿನಕ್ಕೆ ಹದಿನಾರು ಯೂನಿಟ್. ಫಾಸ್ಟ್ ಚಾರ್ಜರಿನಲ್ಲಿ ವ್ಯಾಟ್ ಸೇರಿ ಇಪ್ಪತ್ತು ದಿರ್ಹಮ್. ಸ್ಲೋದಲ್ಲಿ ಹನ್ನೆರಡು.

— ಈಗಿನ ಪೆಟ್ರೋಲ್ ಕಾರಿಗೆ?

— ಲೀಟರಿಗೆ ಹದಿನಾಲ್ಕು ಕೊಡ್ತದೆ. ಆರೂವರೆ ಲೀಟರ್ ಬೇಕು. ಸ್ಪೆಷಲ್ 95ರ ದರ 2025ರಲ್ಲಿ ಎರಡೂವರೆ ದಿರ್ಹಮಿನ ಆಸುಪಾಸಿನಲ್ಲೇ ಆಡಿತು. ಹದಿನಾರು, ಹದಿನೇಳು... ಅರೆ!

— ಈಗ ಅರೇಬಿಯನ್ ರಾಂಚಸ್ಸಿನ ವಿಲ್ಲಾದಲ್ಲಿರುವವನ ಲೆಕ್ಕ ಹಾಕು. ಅವನ ಗೋಡೆಗೆ ಅವನದೇ ಚಾರ್ಜರ್. ಮನೆಯ ಮೀಟರು. ಕೆಳಗಿನ ಸ್ಲ್ಯಾಬಿನಲ್ಲಿ 23 ಫಿಲ್ಸ್, ಇಂಧನದ ಸರ್ಚಾರ್ಜು ಸೇರಿದರೆ ಇಪ್ಪತ್ತೊಂಬತ್ತರ ಹತ್ತಿರ ಅನ್ನು.

— ಐದು ದಿರ್ಹಮ್ ಸಾಕಾಗ್ತದೆ.

— ವಿಲ್ಲಾದವನ ಎಸಿಗಳಿಗೆ ಬೇಸಿಗೆಯಲ್ಲಿ ಮೇಲಿನ ಸ್ಲ್ಯಾಬು ತಾಗ್ತದೆ, 38 ಫಿಲ್ಸಿನವರೆಗೆ ಹೋಗ್ತದೆ. ಏಳು ದಿರ್ಹಮೇ ಅನ್ನು. ಅದೇ ರಸ್ತೆ, ಅದೇ ದೂರ. ಅವನಿಗೆ ಏಳು, ನಿನಗೆ ಇಪ್ಪತ್ತು. ಎಲೆಕ್ಟ್ರಿಕ್ ಕಾರು ಅಗ್ಗ ಅಂತ ಜಾಹೀರಾತಿನಲ್ಲಿ ಹೇಳ್ತಾರಲ್ಲ, ಸುಳ್ಳಲ್ಲ. ಗೋಡೆ ಇದ್ದವನಿಗೆ ಅಗ್ಗ.

(ಇಲ್ಲಿ ಲೆಕ್ಕಿಗನ ಮುಖ ಸಣ್ಣದಾಯಿತು. ಎರಡು ದೇಶದ ಬ್ಯಾಲೆನ್ಸ್ ಶೀಟು ನೋಡಿದವನು ತನ್ನ ಕಾರಿಗೆ ಈ ಕೂಡು–ಕಳೆ ಮಾಡಿರಲಿಲ್ಲ. ಕಾರಿನ ಮುಂದೆ ನಾವೆಲ್ಲ ಹಾಗೆಯೇ.)

— ಹಾಗಾದರೆ ಬಿಲ್ಡಿಂಗಿನಲ್ಲೇ ಒಂದು ಪಾಯಿಂಟ್ ಹಾಕಿಸಿದರೆ? ನಾನೇ ದುಡ್ಡು ಕೊಡ್ತೇನೆ.

— ಯಾರನ್ನು ಕೇಳ್ತೀ? ನಿನ್ನ ಫ್ಲ್ಯಾಟಿನ ಓನರ್ ಒಬ್ಬ, ಪಕ್ಕದ್ದಕ್ಕೆ ಮತ್ತೊಬ್ಬ. ಪಾರ್ಕಿಂಗ್ ಎಲ್ಲರದು, ಅಂದರೆ ಯಾರದೂ ಅಲ್ಲ. ನಿನ್ನ ದುಡ್ಡಿನಲ್ಲಿ ಹಾಕಿಸಿದ ಪಾಯಿಂಟಿನ ಮುಂದೆ ದಿನಾ ಒಬ್ಬ ಪೆಟ್ರೋಲ್ ಗಾಡಿಯವನು ನಿಲ್ಲಿಸಿ ಮಲಗ್ತಾನೆ. ಅವನನ್ನು ಏಳು ಅನ್ನುವ ಹಕ್ಕು ನಿನಗಿಲ್ಲ. ಮತ್ತೆ ಲೋಡು. ಏಳು ಕಿಲೋವ್ಯಾಟಿನ ಒಂದು ಚಾರ್ಜರ್ ಅಂದರೆ ನಾಲ್ಕು ಎಸಿ ಒಟ್ಟಿಗೆ ಓಡಿದ ಹಾಗೆ. ಇಪ್ಪತ್ತು ಕಾರು ಒಟ್ಟಿಗೆ ಚುಚ್ಚಿದರೆ 140 ಕಿಲೋವ್ಯಾಟ್. ಇಪ್ಪತ್ತು ವರ್ಷದ ಹಿಂದೆ ಈ ಕ್ಲಸ್ಟರುಗಳನ್ನು ಕಟ್ಟುವಾಗ ಕಾರು ಕರೆಂಟು ಕುಡಿದೀತು ಅಂತ ಯಾರೂ ಕನಸು ಕಂಡಿರಲಿಲ್ಲ. ಕೇಬಲ್ಲು, ಪ್ಯಾನೆಲ್ಲು ಎಲ್ಲ ಅಂದಿನ ಅಳತೆಗೆ.

— ಅಂದರೆ ಆಗುವುದೇ ಇಲ್ಲವಾ?

— ಆಗ್ತದೆ. ಲೋಡ್ ಹಂಚುವ ಕಂಟ್ರೋಲರ್ ಬಂದಿದೆ. ಹತ್ತು ಕಾರಿಗೆ ಇರುವಷ್ಟನ್ನೇ ಸರದಿಯಲ್ಲಿ ಕೊಡ್ತದೆ, ಬಿಲ್ಡಿಂಗಿನ ಎಸಿ ಲೋಡ್ ಏರಿದಾಗ ಕಾರಿಗೆ ಕಡಿಮೆ ಮಾಡ್ತದೆ. ಚಳಿಗಾಲದಲ್ಲಂತೂ ಇಲ್ಲಿ ಕೇಬಲ್ಲುಗಳಿಗೆ ಕೆಲಸವೇ ಇಲ್ಲ. ಎಂಜಿನಿಯರಿಂಗ್ ಕಷ್ಟದ್ದಲ್ಲ. ಯಾರ ಹೆಸರಿಗೆ ಮೀಟರ್, ಯಾವ ಜಾಗ ಯಾರದು, ಇದನ್ನು ಕೂತು ಬರೆಯುವವರು ಬೇಕು. ಅದು ಆಗುವವರೆಗೆ ಜನ ಏನು ಮಾಡ್ತಾರೆ ಹೇಳಲಾ? ಒಂದು ಬಿಲ್ಡಿಂಗಿನಲ್ಲಿ ಕಂಪ್ಲೇಂಟ್ ಬಂತು, ಸ್ಟುಡಿಯೋ ಫ್ಲ್ಯಾಟಿನಲ್ಲಿ ಸುಟ್ಟ ವಾಸನೆ. ಹೋಗಿ ನೋಡಿದರೆ ಫಸ್ಟ್ ಫ್ಲೋರಿನ ಬಾಲ್ಕನಿಯಿಂದ ಎಕ್ಸ್‌ಟೆನ್ಷನ್ ಬೋರ್ಡು ಕೆಳಗಿಳಿದು ಕಾರಿನವರೆಗೆ ಹೋಗಿದೆ. ಇಲ್ಲಿನ ಮೂರು ಪಿನ್ನಿನ ಪ್ಲಗ್ಗಿನಲ್ಲಿ 13 ಆಂಪಿಯರ್ ಫ್ಯೂಸ್ ಇರ್ತದಲ್ಲ, ಹತ್ತು ಆಂಪಿಯರ್ ಎಳೆದರೆ ಫ್ಯೂಸ್ ಹಾರುವುದಿಲ್ಲ. ಆದರೆ ಇಸ್ತ್ರಿಪೆಟ್ಟಿಗೆಯ ಹಾಗೆ ಹತ್ತು ನಿಮಿಷ ಎಳೆಯುವುದಲ್ಲ, ರಾತ್ರಿಯಿಡೀ. ಉಳಿದ ಕೇಬಲ್ ಸುತ್ತಿದ ಹಾಗೇ ಇತ್ತು, ಆ ಸುರುಳಿಯೊಳಗೇ ಬಿಸಿ. ಪ್ಲಗ್ ಕಿತ್ತು ನೋಡಿದೆ. ಲೈವ್ ಪಿನ್ನಿನ ಬುಡದಲ್ಲಿ ಬಿಳಿ ಪ್ಲಾಸ್ಟಿಕ್ಕು ಕಾಫಿ ಬಣ್ಣಕ್ಕೆ ತಿರುಗಿ, ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು. ಒಳಗೆ ಸಣ್ಣ ಮಗು ಮಲಗಿತ್ತು.

— ಅವನಿಗೆ ಏನಂದಿರಿ?

— ಏನನ್ನುವುದು? ಚಾರ್ಜ್ ಮಾಡಬೇಡ ಅಂದೆ. ಎಲ್ಲಿ ಮಾಡಲಿ ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

— ನೀವು ಹೇಳುವುದು ಕೇಳಿದರೆ ಪೆಟ್ರೋಲೇ ಒಳ್ಳೆಯದು ಅಂತ ಆಗ್ತದೆ. ನಮ್ಮ ಆಫೀಸಿನಲ್ಲೂ ಒಬ್ಬರು ಅದೇ ಹೇಳ್ತಾರೆ. ಇಲ್ಲಿ ಕರೆಂಟು ಬರುವುದೇ ಗ್ಯಾಸ್ ಸುಟ್ಟು, ಕಾರಿನಲ್ಲಿ ಸುಟ್ಟರೇನು, ಪವರ್ ಹೌಸಿನಲ್ಲಿ ಸುಟ್ಟರೇನು ಅಂತ.

— ಅದು ಅರ್ಧಂಬರ್ಧ ಮಾತು. ಹೊಸ ಗ್ಯಾಸ್ ಪ್ಲಾಂಟು ನೂರರಲ್ಲಿ ಐವತ್ತೈದು ಪಾಲನ್ನಾದರೂ ಕರೆಂಟು ಮಾಡ್ತದೆ. ತಂತಿಯ ನಷ್ಟ, ಚಾರ್ಜಿಂಗ್ ನಷ್ಟ, ಮೋಟರಿನ ನಷ್ಟ ಎಲ್ಲ ಕಳೆದರೂ ಚಕ್ರಕ್ಕೆ ನಲವತ್ತೈದರ ಹತ್ತಿರ ಮುಟ್ಟುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಇಪ್ಪತ್ತು, ಇಪ್ಪತ್ತೈದು, ತುಂಬಾ ಒಳ್ಳೆಯದಿದ್ದರೆ ಮೂವತ್ತು. ಉಳಿದದ್ದೆಲ್ಲ ಬಾನೆಟ್ಟಿನಡಿ ಬಿಸಿಯಾಗಿ ಹೋಯಿತು. ಶೇಖ್ ಜಾಯೆದ್ ರೋಡಿನ ಟ್ರಾಫಿಕ್ಕಿನಲ್ಲಿ ನಿಂತಾಗ ಅದೂ ಇಲ್ಲ. ಮತ್ತೆ ಇಲ್ಲಿ ಗ್ಯಾಸ್ ಒಂದೇ ಅಲ್ಲ ಈಗ. ಬರಾಕಾದಲ್ಲಿ 1400 ಮೆಗಾವ್ಯಾಟಿನ ನಾಲ್ಕು ಅಣು ರಿಯಾಕ್ಟರು. ಮೊದಲನೆಯದು 2021ರಲ್ಲಿ, ನಾಲ್ಕನೆಯದು 2024ರಲ್ಲಿ ಚಾಲೂ ಆಯಿತು. ದೇಶದ ಕರೆಂಟಿನ ಕಾಲುಭಾಗ ಅಲ್ಲಿಂದ. ನಮ್ಮ ಕೈಗಾದ ನಾಲ್ಕು ಘಟಕ ತಲಾ 220 ಮೆಗಾವ್ಯಾಟ್, ನೆನಪಿರಲಿ.

— ಸೋಲಾರ್ ಪಾರ್ಕು?

— ಸೇಹ್ ಅಲ್ ದಹಲ್‌ನದ್ದಾ? 2013ರಲ್ಲಿ 13 ಮೆಗಾವ್ಯಾಟಿನಿಂದ ಶುರುವಾದದ್ದು, ಈಗ ಸಾವಿರಗಳ ಲೆಕ್ಕ. ಅಲ್ಲಿ ಒಂದು ಗೋಪುರ ಉಂಟು, 262 ಮೀಟರ್. ಸುತ್ತಲಿನ ಕನ್ನಡಿಗಳೆಲ್ಲ ಬಿಸಿಲನ್ನು ಅದರ ನೆತ್ತಿಗೆ ಹೊಡೀತವೆ. ಆ ಕಾವನ್ನು ಕರಗಿಸಿದ ಉಪ್ಪಿನಲ್ಲಿ ಹಿಡಿದಿಟ್ಟು ಸೂರ್ಯ ಮುಳುಗಿದ ಮೇಲೂ ಹದಿನೈದು ಗಂಟೆ ಕರೆಂಟು ತೆಗೀತಾರೆ. ಕಲ್ಲಿದ್ದಲಿಗೆ ಅಂತ ಕಟ್ಟಿದ ಹಸ್ಯಾನ್ ಸ್ಥಾವರವನ್ನು 2022ರಲ್ಲಿ ಪೂರ್ತಿ ಗ್ಯಾಸಿಗೆ ತಿರುಗಿಸಿದರು. ಎಣ್ಣೆ ಮಾರುವ ದೇಶ ಅಂತ ನಗಾಡುವವರು ಇದನ್ನೂ ನೋಡಬೇಕು. ಎಣ್ಣೆ ಮಾರುವುದನ್ನು ನಿಲ್ಲಿಸಿಲ್ಲ, ಅದು ಬೇರೆ ಮಾತು. ಮನೆಯಲ್ಲಿ ಸುಡುವುದು ಕಡಿಮೆಯಾದರೆ ಹೊರಗೆ ಮಾರಲಿಕ್ಕೆ ಜಾಸ್ತಿ ಉಳೀತದೆ, ಆ ವ್ಯಾಪಾರವೂ ಇದರೊಳಗೆ ಉಂಟು.

— ವರ್ಸಾನಿನ ಕಸದ ಪ್ಲಾಂಟನ್ನು ಬಿಟ್ಟಿರಿ. ನಮ್ಮ ಮನೆ ಪಕ್ಕದ್ದೇ.

— ಹ್ಞಾಂ, ನಾಲ್ಕು ಬಿಲಿಯನ್ ದಿರ್ಹಮಿನದ್ದು. ವರ್ಷಕ್ಕೆ ಸುಮಾರು 19 ಲಕ್ಷ ಟನ್ ಕಸ ಸುಟ್ಟು 200 ಮೆಗಾವ್ಯಾಟ್ ತೆಗೀತದೆ. ಕಸ ಮರಳಿನಲ್ಲಿ ಹೂತು ಮೀಥೇನ್ ಬಿಡುವುದಕ್ಕಿಂತ ವಾಸಿ. ಆದರೆ ಇದನ್ನು ಬಿಸಿಲಿನ ಪಕ್ಕದಲ್ಲಿಟ್ಟು ಎರಡಕ್ಕೂ ಒಂದೇ ಹಸಿರು ಬಣ್ಣ ಬಳಿಯುವುದು ನನಗೆ ಒಪ್ಪುವುದಿಲ್ಲ. ಕಸದಲ್ಲಿ ಅರ್ಧ ಪ್ಲಾಸ್ಟಿಕ್ ಇದ್ದರೆ ಅದು ಎಣ್ಣೆಯೇ, ಬೇರೆ ವೇಷದಲ್ಲಿ.

— ಊರಿನಲ್ಲಿ ಇದನ್ನೇ ಹೇಳಿದರೆ ಜಗಳಕ್ಕೆ ಬರ್ತಾರೆ.

— ಊರಿನ ಸುದ್ದಿ ತೆಗೀಬೇಡ. ಯೆಲ್ಲೂರಿನ ಕಲ್ಲಿದ್ದಲು ಸ್ಥಾವರದ ಹೊಗೆಗೊಳವೆ ನನ್ನ ಅಕ್ಕನ ಮನೆಯ ಅಂಗಳದಿಂದ ಕಾಣ್ತದೆ. 1200 ಮೆಗಾವ್ಯಾಟ್. ಕಲ್ಲಿದ್ದಲು ಹೊರದೇಶದ್ದು, ಹಡಗಿನಲ್ಲಿ ಪಣಂಬೂರಿಗೆ ಬಂದು ಅಲ್ಲಿಂದ ರೈಲಿನಲ್ಲಿ ಬರುವುದು. ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಓಡಿಸುವ ನಿನ್ನ ಚಿಕ್ಕಪ್ಪನ ಮಗನಿಗೆ ಹೊಗೆ ಇಲ್ಲ. ಮಲ್ಲಿಗೆ ಗಿಡದ ಎಲೆ ಮೇಲೆ ಕೂತ ಬೂದಿಯ ಸುದ್ದಿ ಅವನಿಗೆ ಯಾರು ಹೇಳಬೇಕು? ಪಾವಗಡವನ್ನೂ ನೋಡು. 2050 ಮೆಗಾವ್ಯಾಟಿನ ಸೋಲಾರ್ ಪಾರ್ಕು, ಹದಿಮೂರು ಸಾವಿರ ಎಕರೆ. ಅಲ್ಲಿ ಮಾಡಿದ ಒಂದು ಒಳ್ಳೆಯ ಕೆಲಸ ಅಂದರೆ ಜಮೀನು ಕಿತ್ತುಕೊಳ್ಳಲಿಲ್ಲ, ಗೇಣಿಗೆ ತಗೊಂಡರು. ವರ್ಷಕ್ಕೆ ಎಕರೆಗೆ ಇಪ್ಪತ್ತೊಂದು ಸಾವಿರ ರೂಪಾಯಿಯಿಂದ ಶುರು. ಮಳೆಯೇ ಬಾರದ ತಿರುಮಣಿಯ ಕಡೆಯ ರೈತನಿಗೆ ಅದು ನಿಶ್ಚಿತ ಆದಾಯ. ಆದರೆ ಗೇಣಿ ಬರುವುದು ಪಹಣಿಯಲ್ಲಿ ಹೆಸರಿದ್ದವನಿಗೆ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವಳಿಗೆ ಏನೂ ಇಲ್ಲ.

— ಇಲ್ಲಿ ವಿಲ್ಲಾದವನು, ಅಲ್ಲಿ ಪಹಣಿಯವನು.

— ನೀನೇ ಹೇಳಿದೆ. ನಾನು ಹೇಳಲಿಲ್ಲ.

— ಆದರೂ ಭಾವ, ಮಾಡಬೇಕಾದ್ದನ್ನು ಮಾಡದೆ ಕೂತರೆ ಆಗುವುದಿಲ್ಲ. 2024ರ ಏಪ್ರಿಲ್ 16ರ ಮಳೆ ಮರೆತಿರಾ? ಇಂಗ್ಲೆಂಡ್ ಕ್ಲಸ್ಟರಿನಲ್ಲಿ ಕಾರುಗಳ ಕನ್ನಡಿ ಮಟ್ಟಕ್ಕೆ ನೀರು. ಎಪ್ಪತ್ತೈದು ವರ್ಷದಲ್ಲಿ ಅಂಥ ಮಳೆ ದಾಖಲಾಗಿಲ್ಲ ಅಂದರು. ಅಲ್ ಐನ್ ಹತ್ತಿರ ಒಂದೇ ದಿನಕ್ಕೆ 254 ಮಿಲಿಮೀಟರ್. ಉಡುಪಿಯ ಜುಲೈಗೆ ಅದು ದೊಡ್ಡದಲ್ಲ, ಚರಂಡಿಯೇ ಇಲ್ಲದ ಮರಳಿಗೆ ಪ್ರಳಯ. ಯಾರೋ ಒಬ್ಬರು ಶುರು ಮಾಡಬೇಕಲ್ಲ?

— ಶುರು ಮಾಡು, ಬೇಡ ಅಂದವರು ಯಾರು? ಕಾರಿನಿಂದಲೇ ಶುರು ಮಾಡಬೇಕು ಅಂತ ಯಾಕೆ? ರೇವಾದ ಕಥೆ ಗೊತ್ತುಂಟಲ್ಲ?

— ಬೆಂಗಳೂರಿನ ಪುಟ್ಟ ಕಾರು. ಚೇತನ್ ಮೈನಿಯವರದ್ದು.

— 2001ರಲ್ಲಿ ರಸ್ತೆಗೆ ಬಂತು. ಬೆಂಗಳೂರಿನಲ್ಲಿ ಜನ ಆಟದ ಸಾಮಾನಿನ ಹಾಗೆ ನೋಡಿದರು. ಅದೇ ಕಾರು ಲಂಡನ್ನಿಗೆ ಹೋಗಿ ಜಿ–ವಿಜ್ ಅಂತ ಹೆಸರಿಟ್ಟುಕೊಂಡು ಚೆನ್ನಾಗಿ ಮಾರಾಟವಾಯಿತು. ಕಾರು ಬದಲಾದದ್ದಲ್ಲ. 2003ರಲ್ಲಿ ಲಂಡನ್ನಿನ ನಡುಭಾಗಕ್ಕೆ ಕಾರು ತರುವವರಿಗೆಲ್ಲ ಕಂಜೆಷನ್ ಚಾರ್ಜ್ ಹಾಕಿದರು, ಎಲೆಕ್ಟ್ರಿಕ್ಕಿಗೆ ಮಾಫಿ. ಕೆಲವು ಕಡೆ ನಿಲ್ಲಿಸಲು ಜಾಗವೂ ಪುಕ್ಕಟೆ. ಜಾಗ ಸಿಕ್ಕಿದ್ದೇ ಕಾರು ಓಡಿತು. ಕರ್ನಾಟಕ ಸರಕಾರ ಎಲೆಕ್ಟ್ರಿಕ್ ವಾಹನಕ್ಕೆ ಅಂತ ನೀತಿ ತಂದದ್ದು 2017ರಲ್ಲಿ. ದೇಶದಲ್ಲೇ ಮೊದಲು ಅಂತ ನಾವು ಬೆನ್ನು ತಟ್ಟಿಕೊಳ್ತೇವೆ. ಅಷ್ಟರಲ್ಲಿ ರೇವಾ ಮಹೀಂದ್ರಾದ ಕೈಗೆ ಹೋಗಿ ಏಳು ವರ್ಷ ಆಗಿತ್ತು.

— ಜಾಗ, ಜಾಗ. ಸುತ್ತಿ ಬಳಸಿ ಅಲ್ಲಿಗೇ ಬರ್ತೀರಿ.

— ಮತ್ತೆಲ್ಲಿಗೆ ಬರಬೇಕು? ಕಾರು ದಿನದಲ್ಲಿ ಎರಡು ಗಂಟೆ ಓಡ್ತದೆ, ಇಪ್ಪತ್ತೆರಡು ಗಂಟೆ ನಿಂತಿರ್ತದೆ.

— ತಡೆಯಿರಿ. ಇಪ್ಪತ್ತೆರಡು ಗಂಟೆಯೂ ಇಲ್ಲೇ ನಿಂತಿರುವುದಿಲ್ಲವಲ್ಲ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಗೋದಾಮಿನ ಮುಂದೆ ಬಿಸಿಲಿಗೆ ಬೆಂದುಕೊಂಡು ನಿಂತಿರ್ತದೆ. ಅಲ್ಲಿ ನನಗೆ ನಂಬರ್ ಹಾಕಿದ ಜಾಗ ಉಂಟು. ಮೇಲೆ ನೆರಳಿನ ಶೀಟೂ ಉಂಟು.

— ಹೌದಾ? ಇದನ್ನು ಮೊದಲೇ ಹೇಳಬಾರದಾ ಮಾರಾಯ!

— ದಿನಕ್ಕೆ ಬೇಕಾದದ್ದು ಹದಿನಾರು ಯೂನಿಟ್. ಏಳು ಕಿಲೋವ್ಯಾಟಿನ ಪಾಯಿಂಟಿನಲ್ಲಿ ಎರಡೂಕಾಲು, ಎರಡೂವರೆ ಗಂಟೆ. ಒಂದೇ ಪಾಯಿಂಟಿನಲ್ಲಿ ದಿನಕ್ಕೆ ಮೂರು ಕಾರು ಆಗ್ತದೆ. ನಡುವೆ ಎರಡು ಸಲ ಬದಲಾಯಿಸಿದರೆ ಸರಿ.

— ಅಷ್ಟೇ ಅಲ್ಲ. ಸೂರ್ಯ ಇರುವುದೂ ಆಗಲೇ. ಎಲ್ಲರೂ ರಾತ್ರಿ ಮನೆಗೆ ಬಂದು ಚುಚ್ಚಿದರೆ ಗ್ಯಾಸಿನ ಟರ್ಬೈನು ಹೆಚ್ಚು ಓಡಬೇಕು. ಹಗಲು ಚುಚ್ಚಿದರೆ ಸೋಲಾರ್ ಕರೆಂಟು ನೇರ ಕಾರಿಗೆ. ನಿಮ್ಮ ಗೋದಾಮಿನ ಮಾಡು ಎಷ್ಟು ದೊಡ್ಡದು?

— ಫುಟ್ಬಾಲ್ ಗ್ರೌಂಡಿಗಿಂತ ದೊಡ್ಡದು. ತಗಡು.

— ಶಮ್ಸ್ ದುಬೈ ಅಂತ ಒಂದು ಸ್ಕೀಮು ಉಂಟು. ಮಾಡಿನ ಮೇಲೆ ಪ್ಯಾನೆಲ್ ಹಾಕಿ ಹೆಚ್ಚಾದದ್ದನ್ನು ದೀವಾದ ಲೈನಿಗೆ ಕೊಟ್ಟರೆ ಬಿಲ್ಲಿನಲ್ಲಿ ವಜಾ ಮಾಡ್ತಾರೆ. ಜೆಬೆಲ್ ಅಲಿಯಲ್ಲಿ ಈಗಾಗಲೇ ಎಷ್ಟೋ ಮಾಡುಗಳ ಮೇಲೆ ಉಂಟು. ನಿಮ್ಮವರು ಹಾಕಿಲ್ಲ ಅಂದರೆ ಸೋಮಾರಿತನ ಅಷ್ಟೇ. ಆದರೆ ಕಾರನ್ನು ಅವೀರಿನಲ್ಲಿ ತಗೊಳ್ಳುವ ಮೊದಲು ಸಾಕೆಟ್ ನೋಡು. ಚೀನಾ ಸ್ಪೆಕ್ ಗಾಡಿಗಳು ರಾಶಿ ಬಂದಿವೆ. ಅಲ್ಲಿಯ ಚಾರ್ಜಿಂಗ್ ಪಿನ್ ಬೇರೆ, ಇಲ್ಲಿಯ ಟೈಪ್ 2 ಬೇರೆ. ಅಡಾಪ್ಟರ್ ಕೊಡ್ತೇನೆ ಅಂತ ಹೇಳ್ತಾರೆ. ದಿನಾ ಅಡಾಪ್ಟರ್ ಬಿಸಿಯಾಗುವುದನ್ನು ನೋಡಿಕೊಂಡು ಕೂರಬೇಕು. ಪರದೆಯ ಮೇಲೆ ಎಲ್ಲ ಚೀನೀ ಅಕ್ಷರ, ವಾರಂಟಿ ಕೇಳಿದರೆ ಆಕಾಶ ತೋರಿಸ್ತಾರೆ. ಬ್ಯಾಟರಿಗೆ ನೀರಿನ ಕೂಲಿಂಗ್ ಇದೆಯಾ ಅಂತಲೂ ಕೇಳು. ಆಗಸ್ಟಿನ ಬಿಸಿಲಿನಲ್ಲಿ ಅದಿಲ್ಲದಿದ್ದರೆ ಬ್ಯಾಟರಿ ಬೇಗ ಮುದಿಯಾಗ್ತದೆ.

— ಮೆಟ್ರೋ ಬರುವವರೆಗೆ ಕಾಯಬಹುದಿತ್ತು ಅಂತ ಹೆಂಡತಿ ಹೇಳ್ತಾಳೆ.

— ಅವಳು ಹೇಳುವುದರಲ್ಲಿ ಅರ್ಥ ಉಂಟು. ಬ್ಲೂ ಲೈನ್, 30 ಕಿಲೋಮೀಟರ್, 14 ಸ್ಟೇಷನ್, 20.5 ಬಿಲಿಯನ್ ದಿರ್ಹಮ್. 2029ರ ಸೆಪ್ಟೆಂಬರ್ 9ಕ್ಕೆ ಬಿಡ್ತೇವೆ ಅಂದಿದ್ದಾರೆ, ಮೊದಲ ಮೆಟ್ರೋ ಓಡಿದ ಇಪ್ಪತ್ತನೆಯ ವರ್ಷಕ್ಕೆ ಸರಿಯಾಗಿ. ನಮ್ಮ ಸ್ಟೇಷನ್ ಭೂಮಿಯ ಅಡಿಯಲ್ಲಿ, ಎರಡು ಕಡೆಯ ಗಾಡಿ ಸೇರುವ ಜಂಕ್ಷನ್ನು. ನನ್ನನ್ನು ಕೇಳಿದರೆ ಇಂಟರ್‌ನ್ಯಾಷನಲ್ ಸಿಟಿಗೆ ಬರುವ ಅತಿದೊಡ್ಡ ಎಲೆಕ್ಟ್ರಿಕ್ ವಾಹನ ಅದೇ. ಅದಕ್ಕೆ ಪಾರ್ಕಿಂಗ್ ಬೇಡ, ಬ್ಯಾಟರಿ ಬೇಡ. ಸ್ಟುಡಿಯೋದಲ್ಲಿ ಬೆಡ್‌ಸ್ಪೇಸ್ ಹಿಡಿದು ಇರುವವನೂ ಹತ್ತಬಹುದು. ಈಗ ಅವನು ಸೆಂಟರ್‌ಪಾಯಿಂಟ್ ಸ್ಟೇಷನ್ನಿಗೆ ಬಸ್ಸಿಗೆ ಕಾಯ್ತಾನೆ, ಇಲ್ಲ ಅಂದರೆ ತನ್ನ ಕಾರಿನಲ್ಲಿ ಕರೆದೊಯ್ಯುವ ಕಾರ್ ಲಿಫ್ಟಿನವನಿಗೆ ತಿಂಗಳಿಗೆ ಇಷ್ಟು ಅಂತ ಕೊಡ್ತಾನೆ. ನಮ್ಮಲ್ಲಿ ಪೆಟ್ರೋಲ್ ಬಿಟ್ಟು ಎಲೆಕ್ಟ್ರಿಕ್ಕಿಗೆ ಮೊದಲು ಬರಬೇಕಾದವರು ಯಾರು ಗೊತ್ತುಂಟಾ? ಡೆಲಿವರಿ ಬೈಕಿನ ಹುಡುಗರು. ನಿನ್ನ ಕಾರಿಗಿಂತ ಹೆಚ್ಚು ದೂರ ಅವರ ಬೈಕು ಓಡ್ತದೆ. ಅದಕ್ಕೆ ಬ್ಯಾಟರಿ ಬದಲಾಯಿಸುವ ಪೆಟ್ಟಿಗೆಯೊಂದನ್ನು ಕ್ಲಸ್ಟರಿನ ಮೂಲೆಯಲ್ಲಿ ಇಟ್ಟರೆ ಸಾಕು. ಆ ಪೆಟ್ಟಿಗೆಗೆ ಬೇಕಾಗುವುದು ಒಂದು ಕಾರಿನ ಜಾಗ.

— ಮೆಟ್ರೋ ಬಂದರೆ ಬಾಡಿಗೆ ಏರುವುದಿಲ್ಲವಾ?

— ಏರದೆ ಇರ್ತದಾ? ಗುದ್ದಲಿ ಬೀಳುವ ಮೊದಲೇ ಬ್ರೋಕರುಗಳ ಜಾಹೀರಾತಿನಲ್ಲಿ ಸ್ಟೇಷನ್ ಬಂದು ಕೂತಿದೆ. ಯಾರಿಗೆ ಮೆಟ್ರೋ ಬೇಕೋ ಅವರು ಅಷ್ಟರೊಳಗೆ ಶಾರ್ಜಾಕ್ಕೆ, ಅಜ್ಮಾನಿಗೆ ಹೋಗಿ ಕೂರಬೇಕಾಗಿ ಬಂದರೂ ಬರಬಹುದು. ಅಲ್ಲಿಂದ ಮತ್ತೆ ಪೆಟ್ರೋಲ್ ಕಾರು.

— ಹಾಗಾದರೆ 2029ರ ಬಾಡಿಗೆಯನ್ನೂ ಸೇರಿಸಿಯೇ ಕಾರಿನ ಸಾಲದ ಲೆಕ್ಕ ಹಾಕಬೇಕು.

— ಐದು ವರ್ಷದ ಸಾಲ ತಗೊಂಡರೆ ಅದೂ ಬರ್ತದೆ. ಮೊದಲು ಕಂಪನಿಗೆ ಒಂದು ಇಮೇಲ್ ಹಾಕು. ಜಾಗ ಉಂಟು, ನೆರಳು ಉಂಟು, ಪಾಯಿಂಟ್ ಹಾಕಿಸಿ ಅಂತ. ಯೂನಿಟಿನ ದುಡ್ಡು ನಾವೇ ಕೊಡ್ತೇವೆ ಅಂತಲೂ ಬರಿ. ಪುಕ್ಕಟೆ ಕೇಳಿದರೆ ಫೈಲು ಮೇಲೆ ಹೋಗುವುದೇ ಇಲ್ಲ.

— ಎಷ್ಟು ಪಾಯಿಂಟ್ ಕೇಳಲಿ?

— ನಿನ್ನ ಹಾಗೆ ಕಾರು ನೋಡುತ್ತಿರುವವರು ಆಫೀಸಿನಲ್ಲಿ ಎಷ್ಟು ಜನ?

— ಐದಾರು ಇರಬಹುದು.

— ಅವರ ಸಹಿಯನ್ನೂ ಹಾಕಿಸಿ ನಾಲ್ಕು ಕೇಳು. ಎರಡು ಕೊಟ್ಟಾರು. ನಿನ್ನ ಲೆಕ್ಕದ ಪ್ರಕಾರ ಆರು ಕಾರಿಗೆ ಅಷ್ಟು ಸಾಕಲ್ಲ?